ರೆಕ್ಕೆ ಮುರಿದರೆ ಗಾಳಿಯನ್ನು ಬೈಯಬೇಡಿ

ಗಜೇಂದ್ರಗಡದ ಗುಡ್ಡದ ಮೇಲೆ, ರೋಣ–ನರಗುಂದದ ಎರಿ ಹೊಲಗಳ ನಡುವೆ ತಿರುಗುವ ಫ್ಯಾನ್‌ಗಳ ಬಗ್ಗೆ ನಮ್ಮ ಮಂದಿ ಕೇಳೋದು ಮೂರೇ ಪ್ರಶ್ನೆ. ಎಕರೆಗೆ ಎಷ್ಟು ಕೊಟ್ರು? ದಾರಿ ಯಾರ ಹೊಲದಾಗ ಹಾಯ್ತು? ಮಳಿ ಮೋಡ ಓಡಸ್ತಾವೇನು? (ಓಡಿಸುವುದಿಲ್ಲ. ಅದನ್ನು ಇಲ್ಲಿಗೇ ಬಿಡೋಣ.) ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ರೆಕ್ಕೆ ಕಾರ್ಖಾನೆಯಿಂದ ಹೊರಬೀಳುವಾಗಲೇ ನೆಟ್ಟಗಿತ್ತೇ?

ರೆಕ್ಕೆ ಮುರಿದರೆ ಎರಡು ಉತ್ತರ ಯಾವಾಗಲೂ ತಯಾರಿರುತ್ತವೆ. ಬಿರುಗಾಳಿ, ಇಲ್ಲವೇ ಸಿಡಿಲು. ಸಿಡಿಲಿಗೆ ರೆಕ್ಕೆ ಸೀಳುವುದು ಸುಳ್ಳಲ್ಲ. ಆದರೆ ಗಾಳಿಗಾಗಿಯೇ ಮಾಡಿದ ವಸ್ತು ಗಾಳಿಗೆ ಮುರಿಯಿತು ಅಂದರೆ ಅದನ್ನು ಉತ್ತರ ಎಂದು ನಾವು ಒಪ್ಪುವುದಿಲ್ಲ.

ರೆಕ್ಕೆಯನ್ನು ಕಬ್ಬಿಣದಿಂದ ಮಾಡಿರುವುದಿಲ್ಲ. ಗಾಜಿನ ಎಳೆಗಳ ಬಟ್ಟೆಯನ್ನು ಉದ್ದನೆಯ ಅಚ್ಚಿನಲ್ಲಿ ಪದರ ಪದರವಾಗಿ ಹಾಸುತ್ತಾರೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಳಗಿನ ಗಾಳಿ ಎಳೆದು, ಎಪಾಕ್ಸಿ ಎಂಬ ಅಂಟು ದ್ರವವನ್ನು ಎಳೆಗಳೊಳಗೆ ಹರಿಸುತ್ತಾರೆ. ಅದು ಗಟ್ಟಿಯಾದ ಮೇಲೆ ಎರಡು ಚಿಪ್ಪುಗಳನ್ನು ಗೋಂದಿನಿಂದ ಜೋಡಿಸುತ್ತಾರೆ. ಇದರಲ್ಲಿ ಬಹಳಷ್ಟು ಕೈಕೆಲಸ. ಗಜೇಂದ್ರಗಡದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆ ಒಂದು ಕಡೆ ಸಡಿಲವಾದರೆ ಸೀರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ರೆಕ್ಕೆಯಲ್ಲೂ ಹಾಗೆಯೇ. ಬಟ್ಟೆ ಹಾಸುವಾಗ ಒಂದು ಸುಕ್ಕು ಉಳಿಯಬಹುದು, ಅಂಟಿನಲ್ಲಿ ಗುಳ್ಳೆ ನಿಲ್ಲಬಹುದು, ಒಂದು ಮೂಲೆಗೆ ಅಂಟು ತಲುಪದೆ ಎಳೆ ಒಣಗಿಯೇ ಇರಬಹುದು. ಚಿಪ್ಪು ಜೋಡಿಸುವಾಗ ಗೋಂದು ಸಾಲದೆ ಹೋಗಬಹುದು. ಮೇಲೆ ಬಿಳಿ ಬಣ್ಣ ಬಳಿದರೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಅಂಥ ರೆಕ್ಕೆ ಮೊದಲ ದಿನ ಮುರಿಯುವುದಿಲ್ಲ. ಸಮಸ್ಯೆ ಇರುವುದೇ ಅಲ್ಲಿ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯದು, ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಮುರಿಯುತ್ತದೆ. ಎಂಜಿನಿಯರುಗಳು ಇದಕ್ಕೆ ಫಟೀಗ್ ಅನ್ನುತ್ತಾರೆ, ನಾವು ದಣಿವು ಅನ್ನೋಣ. ರೆಕ್ಕೆ ಒಂದು ಸುತ್ತು ಹಾಕಿದರೆ ಅದರ ಸ್ವಂತ ಭಾರವೇ ಅದನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಗ್ಗಿಸುತ್ತದೆ. ನಿಮಿಷಕ್ಕೆ 12 ಸುತ್ತು ಹಿಡಿಯಿರಿ. ದಿನಕ್ಕೆ 17,280. ವರ್ಷದ ಮೂರನೇ ಒಂದು ಭಾಗ ನಿಂತೇ ಇತ್ತು ಅಂದುಕೊಂಡರೂ 20 ವರ್ಷಕ್ಕೆ 8 ಕೋಟಿ ದಾಟುತ್ತದೆ. ಎತ್ತಿನ ಗಾಡಿಯ ಅಚ್ಚಿಗೂ ಇಷ್ಟು ಕೆಲಸ ಇರಲಿಲ್ಲ.

ಸುಕ್ಕು ಇದ್ದ ಜಾಗದಲ್ಲಿ ಎಳೆ ನೆಟ್ಟಗಿರುವುದಿಲ್ಲ, ಭಾರವನ್ನು ಎಳೆಯ ಬದಲು ಅಂಟು ಹೊರಬೇಕಾಗುತ್ತದೆ. ಮೊದಲು ಅಂಟಿನಲ್ಲಿ ಕೂದಲೆಳೆಯಂಥ ಬಿರುಕು. ಆಮೇಲೆ ಪದರ ಬಿಚ್ಚಿಕೊಳ್ಳುತ್ತದೆ, ಕಡೆಗೆ ಎಳೆ ಹರಿಯುತ್ತದೆ. ಗಾಜಿನ ಎಳೆ–ಎಪಾಕ್ಸಿ ರೆಕ್ಕೆಗೆ ವಿನ್ಯಾಸಕಾರರು ಬಳಸುವ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. ಒಂದು ಜಾಗದಲ್ಲಿ ಒತ್ತಡ ಶೇ. 10ರಷ್ಟು ಹೆಚ್ಚಾದರೆ ಆ ಜಾಗದ ಆಯುಷ್ಯ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಶೇ. 20ರಷ್ಟು ಹೆಚ್ಚಾದರೆ ಆರನೇ ಒಂದು ಭಾಗ. ಅಂದರೆ 20 ವರ್ಷ ಬಾಳಬೇಕಾದದ್ದು ಕಾಗದದ ಮೇಲೆ ಮೂರು ವರ್ಷ ಚಿಲ್ಲರೆ. ಅಷ್ಟರಲ್ಲಿ ಸುಕ್ಕು ಬಿಟ್ಟವನು ಬೇರೆ ಕೆಲಸ ಹಿಡಿದಿರುತ್ತಾನೆ, ಫ್ಯಾನ್ ಇನ್ನೊಂದು ಕಂಪನಿಗೆ ಮಾರಾಟವಾಗಿರುತ್ತದೆ. ಕೆಳಗೆ ಕಡಲೆ ಕೀಳುವವರು ಮಾತ್ರ ಅವರೇ.

‘ಸರ್ಟಿಫಿಕೇಟ್ ಇದೆ’ ಅನ್ನುತ್ತಾರೆ. ಇರುತ್ತದೆ. ಆದರೆ ಅದು ಮಾದರಿಗೆ ಸಿಗುವ ಸರ್ಟಿಫಿಕೇಟ್. ಸಾಮಾನ್ಯವಾಗಿ ಒಂದು ಮಾದರಿಯ ಒಂದು ರೆಕ್ಕೆಯನ್ನು ತಿಂಗಳುಗಟ್ಟಲೆ ಅಲ್ಲಾಡಿಸಿ ದಣಿವಿನ ಪರೀಕ್ಷೆ ಮಾಡುತ್ತಾರೆ. ನಿಮ್ಮ ಹೊಲದ ಮೇಲೆ ತಿರುಗುವ ರೆಕ್ಕೆ ಆ ರೆಕ್ಕೆಯಲ್ಲ.

ಇದು ನಮ್ಮ ಕಲ್ಪನೆ ಅನ್ನುವವರು ಹೊರಗೆ ನೋಡಲಿ. 2008ರಲ್ಲಿ ಸುಜ್ಲಾನ್ ಕಂಪನಿಯ ಎಸ್-88 ಫ್ಯಾನ್‌ಗಳ ರೆಕ್ಕೆಗಳಲ್ಲಿ ಅಮೆರಿಕದಲ್ಲಿ ಬಿರುಕು ಕಂಡಿತು. ಕೊಂಡವರು ಸುಮ್ಮನಿರಲಿಲ್ಲ, ಕಂಪನಿ 1,251 ರೆಕ್ಕೆ ಬಲಪಡಿಸಿ ಕೊಡಲು ಮುಂದಾಯಿತು. 2023ರಲ್ಲಿ ಸೀಮೆನ್ಸ್ ಗಮೇಸಾದ ಹೊಸ ಮಾದರಿಯ ರೆಕ್ಕೆಗಳಲ್ಲಿ ಸಿಕ್ಕಿದ್ದು ಇದೇ ಸುಕ್ಕು. 2024ರ ಜುಲೈ 13ರಂದು ಅಮೆರಿಕದ ನ್ಯಾಂಟಕೆಟ್ ದ್ವೀಪದ ಹತ್ತಿರ ಸಮುದ್ರದಲ್ಲಿ 107 ಮೀಟರ್ ಉದ್ದದ ರೆಕ್ಕೆ ಮುರಿದು ಚೂರುಗಳು ದಂಡೆಗೆ ಬಂದು ಬಿದ್ದವು. ತಯಾರಕ ಕಂಪನಿ ಜಿಇ ವೆರ್ನೋವಾ ಗಾಳಿಯನ್ನು ಬೈಯಲಿಲ್ಲ. ಕಾರ್ಖಾನೆಯಲ್ಲಿ ಅಂಟು ಸರಿಯಾಗಿ ಕೂತಿರಲಿಲ್ಲ, ತಪಾಸಣೆಯಲ್ಲೇ ಸಿಗಬೇಕಿತ್ತು ಎಂದು ಒಪ್ಪಿಕೊಂಡಿತು. ಮುಂದಿನ ವರ್ಷ ಆ ಊರಿಗೆ 1.05 ಕೋಟಿ ಡಾಲರ್ ಕೊಡಲು ಒಪ್ಪಂದವಾಯಿತು. ಗಮನಿಸಿ, ಕಂಪನಿಯ ಜೊತೆ ಕೂತು ಮಾತಾಡಿದ್ದು ಊರು.

ನಮ್ಮಲ್ಲಿ ಊರಿಗೆ ಆ ಜಾಗವೇ ಇಲ್ಲ. ಕೇಂದ್ರದ 2016ರ ಮಾರ್ಗಸೂಚಿ ತೆಗೆದು ನೋಡಿ. ರಸ್ತೆ, ರೈಲು ಹಳಿ, ಕಟ್ಟಡ, ದೊಡ್ಡ ವಿದ್ಯುತ್ ಲೈನ್‌ಗಳಿಂದ ಫ್ಯಾನ್ ಎಷ್ಟು ದೂರ ಇರಬೇಕು ಎಂಬುದಕ್ಕೆ ಸೂತ್ರ ಇದೆ: ಕಂಬದ ಎತ್ತರ, ರೆಕ್ಕೆ ಸುತ್ತಿನ ಅರ್ಧ, ಅದರ ಮೇಲೆ 5 ಮೀಟರ್. 120 ಮೀಟರ್ ಕಂಬ, 140 ಮೀಟರ್ ಸುತ್ತು ಇದ್ದರೆ 195 ಮೀಟರ್. ಇದು ಕಂಬ ಬುಡಸಮೇತ ಉರುಳಿದರೆ ತಾಗದಿರುವಷ್ಟು ದೂರ. ತಿರುಗುವಾಗ ಹರಿದ ತುಂಡು ಕವಣೆ ಕಲ್ಲಿನ ಹಾಗೆ ಹಾರುತ್ತದೆ, ಅದು ಬುಡದಲ್ಲೇ ಬೀಳುವುದಿಲ್ಲ. ಇನ್ನು ಆ ಪಟ್ಟಿಯಲ್ಲಿ ಹೊಲ ಇಲ್ಲ, ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳೂ ಇಲ್ಲ.

1980ರಲ್ಲಿ ಬಾರದ ನೀರಿಗೆ ಕರ ಯಾಕೆ ಕೊಡಬೇಕು ಎಂದು ಕೇಳಿದ ನರಗುಂದ ಇದು. ರೆಕ್ಕೆಯ ಚರಿತ್ರೆ ಕೇಳುವುದು ಅದಕ್ಕಿಂತ ದೊಡ್ಡ ಮಾತೇನಲ್ಲ. ಫ್ಯಾನ್ ಬೇಡ ಅಂತ ನಾವು ಹೇಳುತ್ತಿಲ್ಲ. ಕರೆಂಟೂ ಬೇಕು, ಬಾಡಿಗೆಯೂ ಬೇಕು. ಆದರೆ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಮೂರೂ ರೆಕ್ಕೆಗಳ ಸೀರಿಯಲ್ ನಂಬರ್ ಮತ್ತು ಕಾರ್ಖಾನೆಯ ತಪಾಸಣಾ ವರದಿಯ ಪ್ರತಿ ಕೇಳಿ. ಅಲ್ಟ್ರಾಸೌಂಡ್ ಹಿಡಿದು ನೋಡಿದ್ದಾರೋ, ಬರೀ ಬಡಿದು ಕೇಳಿದ್ದಾರೋ ಅದರಲ್ಲಿ ಇರಬೇಕು. ವರ್ಷಕ್ಕೊಮ್ಮೆ ತಪಾಸಣೆ ಮಾಡಿದ ವರದಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಲಿ. ಸಹಿ ಆಗಿಹೋಗಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ, ಒಂದು ಪ್ರತಿ ಬೆಂಗಳೂರಿನ ಕ್ರೆಡಲ್ ಕಚೇರಿಗೆ, ಇನ್ನೊಂದು ಗದಗ ಜಿಲ್ಲಾಧಿಕಾರಿಗೆ ಕಳಿಸಿ. ಬಂದ ಉತ್ತರವನ್ನು ಫೋಟೊ ತೆಗೆದು ನಮಗೂ ಕಳಿಸಿ, ಊರಿನ ಹೆಸರಿನ ಸಮೇತ ಇಲ್ಲಿ ಹಾಕುತ್ತೇವೆ. ಉತ್ತರ ಬಾರದ ಊರುಗಳ ಹೆಸರನ್ನೂ ಹಾಕುತ್ತೇವೆ.