ಧ್ರುವದ ಮೀನಿಗೆ ನಮ್ಮ ಪಂಚಾಂಗ ಸಾಲದು

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೂತಾಯಿ ಹುಟ್ಟಿದ ವರ್ಷದೊಳಗೇ ಹೆಚ್ಚುಕಡಿಮೆ ಮೊಟ್ಟೆಗೆ ಬರುವ ಮೀನು. ಅಂಥದಕ್ಕೆ ಎರಡು ತಿಂಗಳ ಬಿಡುವೂ ದೊಡ್ಡದೇ. ಧ್ರುವದ ಕಡಲಲ್ಲಿ ಈ ಲೆಕ್ಕ ನಡೆಯದು.

ಅಂಟಾರ್ಕ್ಟಿಕದ ರಾಸ್ ಸಮುದ್ರದ ಟೂತ್‌ಫಿಶ್ ನೂರು ಕಿಲೋ ಮೀರಿ ಬೆಳೆಯಬಲ್ಲದು. ಆದರೆ ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ಅದಕ್ಕೆ ಸುಮಾರು 16 ವರ್ಷವಾಗಿರುತ್ತದೆ. ಅದೇ ಕಡಲಿನ ಒಂದು ಜಾತಿಯ ಡ್ರಾಗನ್‌ಫಿಶ್‌ನ ಮೊಟ್ಟೆ ಒಡೆಯಲು ಹತ್ತು ತಿಂಗಳು ಬೇಕು.

ಚಳಿಯಿಂದಲೇ ಈ ನಿಧಾನ ಎನ್ನುವುದು ಸುಲಭ. ಮೈನಸ್ 1.9 ಡಿಗ್ರಿಯ ಆಸುಪಾಸಿನ ನೀರಲ್ಲಿ ಮೈಯ ವ್ಯಾಪಾರವೆಲ್ಲ ಮಂದ, ನಿಜ. ನನಗದು ಅರ್ಧ ಉತ್ತರ. ಸೂರ್ಯ ತಿಂಗಳುಗಟ್ಟಲೆ ಮೂಡದ ಆ ಊರಲ್ಲಿ ಪಾಚಿ ಸಮೃದ್ಧವಾಗುವುದು ಬೇಸಿಗೆಯ ಕೆಲವು ವಾರ ಮಾತ್ರ. ಅವಸರಪಟ್ಟು ಹೊರಬಂದ ಮರಿ ತಿನ್ನುವುದೇನನ್ನು? ಅದಕ್ಕೇ ಅಲ್ಲಿನ ಎಷ್ಟೋ ತಾಯಂದಿರು ಮೊಟ್ಟೆ ಕಡಿಮೆ ಇಟ್ಟು, ಒಂದೊಂದಕ್ಕೂ ದೊಡ್ಡ ಬುತ್ತಿ ಕಟ್ಟಿಕೊಡುತ್ತವೆ.

2021ರ ಫೆಬ್ರುವರಿಯಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ವೆಡೆಲ್ ಸಮುದ್ರದ ತಳದ ಮೇಲೆ ಕ್ಯಾಮೆರಾ ಎಳೆದೊಯ್ದಾಗ ಗೂಡುಗಳು ಕಂಡವು. ಹೂಳು ಬಳಿದು ತೆಗೆದ, ಮುಕ್ಕಾಲು ಮೀಟರ್ ಅಗಲದ ತಗ್ಗು, ನಡುವೆ ಸಣ್ಣ ಕಲ್ಲುಗಳ ಮೇಲೆ ಸುಮಾರು 1,700 ಮೊಟ್ಟೆ, ಕಾವಲಿಗೊಂದು ಐಸ್‌ಫಿಶ್. (ಹಿಮೋಗ್ಲೋಬಿನ್ ಇಲ್ಲದ ಇದರ ರಕ್ತ ಕೆಂಪಲ್ಲ.) ಪಕ್ಕದಲ್ಲೇ ಇನ್ನೊಂದು ಗೂಡು, ಮತ್ತೊಂದು. ಅಂದಾಜಿಗೆ 6 ಕೋಟಿ.

ಇಷ್ಟಿವೆಯಲ್ಲ, ಹಿಡಿದರೇನು? ಸೌತ್ ಜಾರ್ಜಿಯಾ ದ್ವೀಪದ ಸುತ್ತ ಹಾಗೇ ಎಣಿಸಿದ್ದರು. 1969–70ರ ಒಂದೇ ಹಂಗಾಮಿನಲ್ಲಿ ಸೋವಿಯತ್ ಹಡಗುಗಳು ಮಾರ್ಬಲ್ಡ್ ರಾಕ್‌ಕಾಡ್ ಮೀನನ್ನು ಸುಮಾರು 4 ಲಕ್ಷ ಟನ್ ಎತ್ತಿದವು. ಮರುವರ್ಷ ಸಿಕ್ಕಿದ್ದು ಅದರ ಕಾಲುಭಾಗ. 1985ರಲ್ಲಿ ನಿಷೇಧ ಬಂತು. ದಶಕಗಳು ಕಳೆದರೂ ಆ ಮೀನು ಹಿಂದಿನ ಪ್ರಮಾಣಕ್ಕೆ ಮರಳಲಿಲ್ಲ. ಅವರು ಹಿಡಿದದ್ದು ಬಡ್ಡಿಯಲ್ಲ, ಅಸಲು.

ಮೀನುಗಾರಿಕೆಯೇ ಬೇಡವೆನ್ನುವ ಹಟ ನನ್ನದಲ್ಲ. ಕಟ್ಟುನಿಟ್ಟಿನ ಮಿತಿಯೊಳಗೆ ಟೂತ್‌ಫಿಶ್ ಹಿಡಿಯಲಿ. ಗೂಡುಕಟ್ಟುವ ಜಾಗವನ್ನಾದರೂ ಪೂರ್ತಿ ಬಿಡಬೇಕು. ವೆಡೆಲ್ ಸಮುದ್ರವನ್ನು ರಕ್ಷಿತ ವಲಯ ಮಾಡುವ ಪ್ರಸ್ತಾಪ ಅಂಟಾರ್ಕ್ಟಿಕದ ಜಲಜೀವಿ ಸಂರಕ್ಷಣಾ ಆಯೋಗದ ಮುಂದೆ ಬಂದದ್ದು 2016ರಲ್ಲಿ. ಸದಸ್ಯ ರಾಷ್ಟ್ರವಾದ ಭಾರತ 2021ರಲ್ಲಿ ಅದಕ್ಕೆ ಬೆಂಬಲ ಸಾರಿತು. ಆದರೆ ಒಂದು ದೇಶ ತಲೆಯಾಡಿಸದಿದ್ದರೂ ಅಲ್ಲಿ ಕಡತ ಮುಂದೆ ಸಾಗದು. 2016ರಲ್ಲಿ ಮೊಟ್ಟೆಯೊಡೆದು ಬಂದ ಹೆಣ್ಣು ಟೂತ್‌ಫಿಶ್ ತಾನೇ ಮೊಟ್ಟೆಯಿಡಲು 2032 ಬರಬೇಕು.