ಪೈಲಟ್‌ಗಳು ದಿನಕ್ಕೆ ಮೂರು ಗಂಟೆಯೂ ಹಾರಿಸಲ್ಲ, ಮತ್ತೆ ಅಷ್ಟೊಂದು ವಿಶ್ರಾಂತಿ ಯಾಕೆ?

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಬೆಂಗಳೂರು ಸೇರಿದಂತೆ ಹಲವು ನಿಲ್ದಾಣಗಳಲ್ಲಿ ಜನ ಪರದಾಡಿದರು. ಆ ಸಿಟ್ಟಿನಲ್ಲಿ ಹುಟ್ಟಿದ ಒಂದು ವಾದ ಹೀಗಿದೆ: ಪೈಲಟ್‌ಗಳಿಗೆ ವರ್ಷಕ್ಕೆ 1000 ಗಂಟೆಯಷ್ಟೇ ಹಾರಾಟ, ಅಂದರೆ ದಿನಕ್ಕೆ ಮೂರು ಗಂಟೆಯೂ ಇಲ್ಲ, ಅದನ್ನೂ ಆಟೋಪೈಲಟ್ ನೋಡಿಕೊಳ್ಳುತ್ತೆ, ಅವರ ನಿದ್ದೆಗಾಗಿ ನಮ್ಮ ವಿಮಾನ ರದ್ದು!

ಭಾಗಾಕಾರ ಸರಿಯಾಗಿದೆ, ತೀರ್ಮಾನ ತಪ್ಪು. 1000 ಗಂಟೆ ಎಂಬುದು ಹಾರಾಟದ ಅವಧಿಗೆ ಇರುವ ಮಿತಿ. ವಿಮಾನ ಟೇಕಾಫ್‌ಗೆಂದು ಕದಲಿದಾಗ ಶುರುವಾಗುವ ಈ ಲೆಕ್ಕ, ಇಳಿದು ನಿಂತಾಗ ಮುಗಿಯುತ್ತದೆ. ಅದಕ್ಕೂ ಮೊದಲು ಡ್ಯೂಟಿಗೆ ಹಾಜರಾಗುವುದು, ಹವಾಮಾನ ಮತ್ತು ಇಂಧನದ ವಿವರ ನೋಡುವುದು, ಎರಡು ಹಾರಾಟಗಳ ನಡುವೆ ಕಾಯುವುದು, ವಿಳಂಬ, ಇವೆಲ್ಲ ಡ್ಯೂಟಿಯೇ ಆದರೂ ಆ ಸಾವಿರದಲ್ಲಿ ಸೇರುವುದಿಲ್ಲ. ಮೇಷ್ಟ್ರ ಕೆಲಸವನ್ನು ಪಾಠ ಮಾಡಿದ ಪೀರಿಯಡ್‌ಗಳಲ್ಲಷ್ಟೇ ಅಳೆದ ಹಾಗಾಯಿತು ಇದು.

ಆದರೆ ಎಷ್ಟು ಗಂಟೆ ಎಂಬುದಕ್ಕಿಂತ ಯಾವ ಗಂಟೆ ಎಂಬುದು ಮುಖ್ಯ. ನಸುಕಿನ 2ರಿಂದ 6ರವರೆಗೆ ನಮ್ಮ ದೇಹದ ಗಡಿಯಾರ ನಿದ್ದೆಯ ಕಡೆಗೇ ಎಳೆಯುತ್ತದೆ. ಮೈಯ ಉಷ್ಣಾಂಶ ಇಳಿದಿರುತ್ತದೆ, ಗಮನ ಜಾರುತ್ತದೆ. 'ಅಭ್ಯಾಸವಾದರೆ ಸರಿಹೋಗುತ್ತೆ' ಅನ್ನುವವರಿದ್ದಾರೆ. ಪಾಳಿ ಆಗಾಗ ಬದಲಾಗುವಾಗ, ಹಗಲ ಬೆಳಕು ದಿನವೂ ಕಣ್ಣಿಗೆ ಬೀಳುವಾಗ ಈ ಗಡಿಯಾರ ಪೂರ್ತಿ ತಿರುಗುವುದು ಕಷ್ಟ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇದ್ದವರಷ್ಟೇ ಕುಗ್ಗಿತ್ತು. ನಮ್ಮಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿ ಶೇ 0.03.

ಮಂಗಳೂರಿನ ದುರಂತ ಇಲ್ಲಿ ನೆನಪಾಗಲೇಬೇಕು. 2010ರ ಮೇ 22ರಂದು ಬೆಳಗಿನ ಆರರ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಂದಕಕ್ಕೆ ಬಿತ್ತು. 158 ಮಂದಿ ಸತ್ತರು, ಉಳಿದವರು 8 ಜನ. 'ವಿಶ್ರಾಂತಿ ಕೊಡದೆ ದುಡಿಸಿದ್ದರು' ಎಂದು ಯಾರಾದರೂ ಹೇಳಿದರೆ ಅದೂ ಅರ್ಧಸತ್ಯವಲ್ಲ, ತಪ್ಪೇ. ಹಾರಾಟಕ್ಕೆ ಮುಂಚೆ ಸಾಕಷ್ಟು ವಿಶ್ರಾಂತಿಯ ಅವಧಿ ಇತ್ತು ಎಂದೇ ತನಿಖಾ ವರದಿ ಹೇಳುತ್ತದೆ. ಹಾಗಿದ್ದೂ ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಹೋಗಿದ್ದರು; ಗೊರಕೆಯ ಸದ್ದು ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ದಾಖಲಾಗಿತ್ತು. ಎದ್ದ ಸ್ವಲ್ಪ ಹೊತ್ತಿಗೇ ವಿಮಾನ ಇಳಿಸಬೇಕಾಯಿತು. ಗಾಢ ನಿದ್ದೆಯಿಂದ ಎದ್ದಾಗಿನ ಮಂಪರು, ಜೊತೆಗೆ ಆ ನಸುಕಿನ ಹೊತ್ತು, ಎರಡೂ ಸೇರಿ ನಿರ್ಧಾರಶಕ್ತಿ ಕುಂದಿರಬಹುದು ಎಂದಿತು ವರದಿ. ಇಳಿಸಬೇಡಿ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಯಂತ್ರದ ಎಚ್ಚರಿಕೆಗಳೂ ಮೊಳಗಿದ್ದವು. ಇಳಿಸುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಆಟೋಪೈಲಟ್ ಅಲ್ಲ.

ಹಾಗಂತ ಹಾರಾಟದ ನಡುವೆ ಕಣ್ಣು ಮುಚ್ಚುವುದೇ ಅಪರಾಧವೇನಲ್ಲ. ನಾಸಾ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯಂತೆ 40 ನಿಮಿಷ ಬಿಡುವು ಕೊಟ್ಟಿದ್ದರು. ಸರಾಸರಿ 26 ನಿಮಿಷ ನಿದ್ದೆ ಮಾಡಿದ ಇವರು, ಬಿಡುವಿಲ್ಲದವರಿಗಿಂತ ಚುರುಕಾಗಿದ್ದರು. ಗುಟ್ಟು ಇರುವುದು ಕಿರುನಿದ್ದೆಯಲ್ಲಿ, ಎದ್ದ ಮೇಲೆ ಮಂಪರು ಕಳೆಯಲು ಸಿಗುವ ಸಮಯದಲ್ಲಿ.

ಇನ್ನು ನಿಯಮಕ್ಕೆ ಬರೋಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಜನವರಿಯಲ್ಲೇ ಹೊಸ ನಿಯಮ ಪ್ರಕಟಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. 'ರಾತ್ರಿ' ಎಂಬುದು ಬೆಳಗಿನ 5ರ ಬದಲು 6ರವರೆಗೆ ಎಂದಾಯಿತು. ರಾತ್ರಿ ಪಾಳಿಯಲ್ಲಿ ಆರು ಸಲ ಇಳಿಸಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ದಿಢೀರನೆ ಬಂದದ್ದೇನಲ್ಲ, ಜಾರಿಯಾದದ್ದು 2025ರ ಜುಲೈ 1 ಮತ್ತು ನವೆಂಬರ್ 1ರಂದು, ಎರಡು ಹಂತದಲ್ಲಿ. ಯೋಜನೆಯಲ್ಲಿ ತಾನೇ ಎಡವಿದ್ದಾಗಿ ಇಂಡಿಗೋ ಕೂಡ ಒಪ್ಪಿಕೊಂಡಿತು. ವಿಮಾನ ನಿಂತದ್ದು ಪೈಲಟ್‌ಗಳು ಮಲಗಿದ್ದರಿಂದಲ್ಲ, ಅವರು ಮಲಗಿದ್ದಾಗ ಹಾರಿಸಲು ಬೇಕಾದಷ್ಟು ಬೇರೆಯವರನ್ನು ಹೊಂದಿಸಿಕೊಳ್ಳದೇ ಇದ್ದುದರಿಂದ. ಕೊನೆಗೆ ಡಿಜಿಸಿಎ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಸಡಿಲಿಸಿದ್ದು ರಾತ್ರಿ ಪಾಳಿಯ ನಿಯಮಗಳನ್ನೇ.