ಮಷಿನ್ ಒಳಗ, ಮನುಷ್ಯಾ ಹೊರಗ

ಆಗಸ್ಟ್ ತಿಂಗಳಲ್ಲಿ ಗದಗ–ಹುಬ್ಬಳ್ಳಿ ರೋಡಿನಲ್ಲಿ ಬಸ್ಸಿಗೆ ಓಡಾಡುವ ನಮಗೆಲ್ಲ ಹಾರ್ವೆಸ್ಟರ್ ಹಿಂದೆ ಸಿಕ್ಕಿಹಾಕಿಕೊಳ್ಳೋದು ಹೊಸದಲ್ಲ. ಬಸ್ಸಿನಲ್ಲಿ ಎಲ್ಲರೂ ಗೊಣಗ್ತಾರೆ, ಫಸ್ಟ್ ಅವರ್ ಅಟೆಂಡೆನ್ಸ್ ಹೋಯ್ತು ಅಂತ ನಾವೂ ಗೊಣಗ್ತೀವಿ. ಆದರೆ ಆ ಮಷಿನ್ ಜೊತೆ ಬರೋ ಟ್ರ್ಯಾಲಿ ಕಡೆ ಒಮ್ಮೆ ಸರಿಯಾಗಿ ನೋಡಿ. ಹೊರಸು, ಹಾಸಿಗೆ ಸುರುಳಿ, ಗ್ಯಾಸ್ ಸಿಲಿಂಡರ್, ನೀರಿನ ಡ್ರಮ್ಮು, ಹಗ್ಗದ ಮೇಲೆ ಒಣಗ್ತಿರೋ ಬನಿಯನ್. ಪಂಜಾಬದಿಂದಲೋ ತಮಿಳುನಾಡಿನಿಂದಲೋ ಬಂದ ನಾಲ್ಕೈದು ಜನರ ಸಂಸಾರ ಅದು. ರಾಜ್ಯದಿಂದ ರಾಜ್ಯಕ್ಕೆ ಬೆಳೆ ಹಿಂದೆ ಹೋಗುವ ಈ ಜನಕ್ಕೆ ತಿಂಗಳುಗಟ್ಟಲೆ ಮಷಿನ್ನೇ ಮನೆ.

ಮನೆ ಕೆಟ್ಟರೆ ಎಲ್ಲಿ ಇರೋದು? ಈ ಪ್ರಶ್ನೆಗೆ ನಮ್ಮ ಸರ್ವಿಸ್ ಸೆಂಟರುಗಳ ಹತ್ತಿರ ಉತ್ತರ ಇಲ್ಲ. ಮಷಿನ್ನನ್ನು ಒಳಗೆ ತೆಗೆದುಕೊಳ್ಳುವವರು ಅದರ ಜೊತೆ ಬಂದ ಮನುಷ್ಯನಿಗೂ ಜಾಗ ಕೊಡಬೇಕು, ಕಾಯಿಸುವವರು ಕಾಯುವ ಖರ್ಚಿನಲ್ಲಿ ಪಾಲು ಹೊರಬೇಕು ಅನ್ನೋದು ನಮ್ಮ ವಾದ.

ಮೊದಲು ನಮ್ಮ ಕಡೆಯ ಲೆಕ್ಕ. ನಮ್ಮಲ್ಲಿ ಕೆಲವರ ಮನೆ ಕುರ್ತಕೋಟಿ, ಹುಲಕೋಟಿ ಸುತ್ತಮುತ್ತ. ಕುರ್ತಕೋಟಿ ಅಂದ ಕೂಡಲೇ ನಮ್ಮ ಕ್ಲಬ್ಬಿನವರಿಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಹೆಸರು ನೆನಪಾಗುತ್ತೆ. ಊರಿನವರಿಗೆ ನೆನಪಾಗೋದು ಎರೆ ಹೊಲ. ಜೂನ್‌ನಲ್ಲಿ ಹೆಸರು ಬಿತ್ತಿದರೆ ಆಗಸ್ಟ್‌ನಲ್ಲಿ ಕಾಯಿ ಒಣಗುತ್ತೆ. ಆಗ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಕಾಯಿಯೊಳಗೇ ಕಾಳು ಮೊಳಕೆ ಒಡೆಯುತ್ತೆ, ಮಾರುಕಟ್ಟೆಯಲ್ಲಿ ಅದಕ್ಕೆ ರೇಟಿಲ್ಲ. ಎರೆ ಮಣ್ಣು ಹಸಿ ಆದರೆ ಮಷಿನ್ ಗಾಲಿ ಹೂತು ನಿಲ್ಲುತ್ತೆ. ಅಂದರೆ ಕಾಯಿ ಒಣಗಿರಬೇಕು, ಹೊಲವೂ ಆರಿರಬೇಕು, ಅದೇ ಹೊತ್ತಿಗೆ ಮಷಿನ್ನೂ ಬರಬೇಕು. ಅದೇ ಹೊಲಕ್ಕೆ ಮುಂದೆ ಹಿಂಗಾರಿ ಕಡಲೆ, ಬಿಳಿಜೋಳ, ಕುಸುಬಿ ಬಿತ್ತೋದಿರುತ್ತೆ. ಹೆಸರು ತಡ ಆದರೆ ಅದೂ ತಡ.

ಇಂಥ ಹೊತ್ತಿನಲ್ಲಿ ಹಾರ್ವೆಸ್ಟರಿನ ಒಂದು ಬೇರಿಂಗ್ ಹೋಯಿತು ಅಂತಿಟ್ಟುಕೊಳ್ಳಿ, ಅಥವಾ ಹೈಡ್ರಾಲಿಕ್ ಪಂಪ್ ಸೋರೋಕೆ ಶುರುವಾಯಿತು. ಮಷಿನ್ ಯಾರ್ಡಿಗೆ ಹೋಗುತ್ತೆ. "ಪಾರ್ಟ್ ಬರಬೇಕು" ಅಂತಾರೆ. ಯಾವಾಗ ಅಂದರೆ "ನಾಳೆ ನಾಡಿದ್ದು". ತಂಡದವರು ಗೇಟಿನ ಹೊರಗೆ ರಸ್ತೆ ಬದಿಗೆ ಟ್ರ್ಯಾಲಿ ನಿಲ್ಲಿಸಿ ಅದರ ಕೆಳಗೇ ಮಲಗ್ತಾರೆ. ಸ್ನಾನ ಪಕ್ಕದ ಹೋಟೆಲ್ಲಿನ ನಲ್ಲಿಯಲ್ಲಿ, ಅದೂ ಮಾಲೀಕರ ಮೂಡ್ ಚಲೋ ಇದ್ದರೆ. ಶೌಚಕ್ಕೆ ಬಯಲು. ಲಾಡ್ಜಿಗೆ ಯಾಕೆ ಹೋಗಬಾರದು ಅಂತ ಕೇಳಬಹುದು. ಎಕರೆಗಿಷ್ಟು, ತಾಸಿಗಿಷ್ಟು ಅಂತ ದುಡಿಯೋರಿಗೆ ಮಷಿನ್ ನಿಂತ ದಿನ ಗಳಿಕೆ ಸೊನ್ನೆ. ಟ್ರ್ಯಾಲಿಯಲ್ಲಿ ಡೀಸೆಲ್, ಬ್ಯಾಟರಿ, ಪಾನಾ ಎಲ್ಲ ಇರುತ್ತೆ, ಬಿಟ್ಟು ಹೋಗೋಕಾಗಲ್ಲ. ಇಂಥ ಒಂದು ತಂಡದ ಜೊತೆ ಕೆಲಸಕ್ಕಿದ್ದ ಮುಂಡರಗಿ ಕಡೆಯ ಹುಡುಗ ನಮಗೆ ಹೇಳಿದ್ದು ಇಷ್ಟೇ: "ಮಷಿನ್‌ಗ ಶೆಡ್ ಐತ್ರಿ, ನಮಗಿಲ್ಲ."

ಯಾವ ಯಾರ್ಡು ಅಂತ ನಾವು ಹೆಸರು ಹೇಳ್ತಿಲ್ಲ. ಒಂದು ಯಾರ್ಡಿನ ಮಾತಾಗಿದ್ದರೆ ಇಷ್ಟು ಬರೆಯೋ ಅಗತ್ಯ ಇರಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದಲ್ಲಿ ಮೋಟರ್‌ಹೋಂ ಅಂತ ಬರುತ್ತೆ: ಅಡುಗೆಮನೆ, ಹಾಸಿಗೆ, ಬಾತ್‌ರೂಂ ಎಲ್ಲ ಇರೋ ಬಸ್ಸು. ರಿಟೈರ್ ಆದ ಎಷ್ಟೋ ದಂಪತಿಗಳು ಮನೆ ಮಾರಿ ಅದರಲ್ಲೇ ಇರ್ತಾರೆ. ಅದು ಕೆಟ್ಟಾಗ ಅವರಿಗೂ ಇದೇ ಪ್ರಶ್ನೆ. ಅಲಬಾಮಾ ರಾಜ್ಯದ ರೆಡ್ ಬೇ ಅನ್ನೋ ಸಣ್ಣ ಊರಿನಲ್ಲಿ ಟಿಫಿನ್ ಅನ್ನೋ ಕಂಪನಿ ಮೋಟರ್‌ಹೋಂ ಮಾಡುತ್ತೆ. (ಹೌದು, ಹೆಸರು ಟಿಫಿನ್ನೇ. ತಿಂಡಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಕಂಪನಿ ಕಟ್ಟಿದವರ ಮನೆತನದ ಹೆಸರು.) ಅಲ್ಲಿ ರಿಪೇರಿಗೆ ಬಂದವರು ಉಳಿಯೋಕೆ ಅಂತಲೇ ಒಂದು ಕ್ಯಾಂಪ್‌ಗ್ರೌಂಡ್ ಇದೆ. ಇಂಡಿಯಾನಾ ರಾಜ್ಯದ ನಪ್ಪನಿ ಊರಿನಲ್ಲಿ ನ್ಯೂಮಾರ್ ಕಂಪನಿಯೂ ಹೀಗೇ ಜಾಗ ಮಾಡಿದೆ. ಪ್ರತಿ ಗಾಡಿಗೂ ನಿಲ್ಲೋ ಜಾಗ, ಕರೆಂಟ್, ನೀರು. ಬೆಳಿಗ್ಗೆ ಗಾಡಿ ವರ್ಕ್‌ಶಾಪ್ ಒಳಗೆ ಹೋಗುತ್ತೆ, ಸಂಜೆ ಕೆಲಸ ಮುಗಿಯದಿದ್ದರೂ ಮಲಗೋಕೆ ಅಂತ ಮಾಲೀಕರ ಕೈಗೆ ವಾಪಸ್ ಬರುತ್ತೆ.

ಅವರು ಶ್ರೀಮಂತರು, ಗಾಡಿ ಬೆಲೆಯೇ ಕೋಟಿಗಟ್ಟಲೆ, ಅವರನ್ನ ನಮ್ಮ ಹಾರ್ವೆಸ್ಟರ್ ತಂಡಕ್ಕೆ ಹೋಲಿಸೋದು ಸರಿಯಾ ಅಂತ ನಮ್ಮ ಗುಂಪಿನಲ್ಲೇ ಜಗಳ ಆಯಿತು. ದುಡ್ಡನ್ನು ಹೋಲಿಸೋಕಾಗಲ್ಲ, ಒಪ್ಪಿದ್ವಿ. ಹೋಲಿಸಬೇಕಾದ್ದು ತತ್ವ. ಗಾಡಿಯೇ ಮನೆ ಅನ್ನೋದನ್ನ ಆ ಕಂಪನಿಗಳು ಅರ್ಥ ಮಾಡಿಕೊಂಡಿವೆ. ಮೋಜಿಗೆ ತಿರುಗುವವರಿಗೆ ಸಿಗುವ ನೀರು, ಶೌಚಾಲಯ ದುಡಿಯೋಕೆ ತಿರುಗುವವರಿಗೆ ಯಾಕೆ ಸಿಗಬಾರದು?

ಇದರಲ್ಲಿ ನಮ್ಮ ಸಿಲಬಸ್ಸಿನ ಮಾತೂ ಇದೆ. ಸೀನಿಯರ್‌ಗಳ ರಿಲಯಬಿಲಿಟಿ ನೋಟ್ಸಿನಲ್ಲಿ ಅವೈಲಬಿಲಿಟಿ ಅನ್ನೋ ಫಾರ್ಮುಲಾ ಸಿಗುತ್ತೆ. ಉದಾಹರಣೆಗೆ ಒಂದು ಮಷಿನ್ ಸರಾಸರಿ 100 ತಾಸು ಓಡಿ ಒಮ್ಮೆ ಕೆಡುತ್ತೆ, ರಿಪೇರಿಗೆ 4 ತಾಸು ಹಿಡಿಯುತ್ತೆ ಅಂತಿಟ್ಟುಕೊಳ್ಳಿ. 100 ಭಾಗಿಸು 104, ಸುಮಾರು ಶೇ. 96. ಬ್ರೋಷರಿನಲ್ಲಿ ಹಾಕೋಕೆ ಚಂದ. ಆದರೆ ಪಾರ್ಟ್ ಬರೋಕೆ ನಾಲ್ಕು ದಿನ ಕಾದರು, ದಿನಕ್ಕೆ 10 ತಾಸಿನ ಕೆಲಸ ಹೋಯಿತು ಅಂದರೆ ನಿಂತ ಹೊತ್ತು 44 ತಾಸು. 100 ಭಾಗಿಸು 144, ಸುಮಾರು ಶೇ. 69. ಮೊದಲನೆಯದಕ್ಕೆ ಇನ್‌ಹೆರೆಂಟ್ ಅವೈಲಬಿಲಿಟಿ ಅಂತಾರೆ, ಎರಡನೆಯದಕ್ಕೆ ಆಪರೇಷನಲ್. ಡಿಸೈನ್ ಮಾಡುವವರು ಹೆಮ್ಮೆಯಿಂದ ತೋರಿಸೋದು ಮೊದಲನೆಯದನ್ನ, ರೈತ ಬದುಕೋದು ಎರಡನೆಯದರಲ್ಲಿ. ಎರಡರಲ್ಲೂ ಪಾನಾ ಹಿಡಿದ ಹೊತ್ತು ನಾಲ್ಕೇ ತಾಸು. ಉಳಿದದ್ದೆಲ್ಲ ಬರೀ ಕಾಯೋದು, ಆ ಹೊತ್ತಿಗೆ ಕಂಪನಿ ಜೇಬಿನಿಂದ ಒಂದು ರೂಪಾಯಿಯೂ ಹೋಗಲ್ಲ.

ಹಿಂದೆ ಹೀಗಿರಲಿಲ್ಲ ಅಂತ ನಮ್ಮ ಅಜ್ಜಂದಿರು ಹೇಳ್ತಾರೆ. ಕುರಿಗಿ ಮುರಿದರೆ ಬಡಿಗೇರ, ಕುಡ ಮೊಂಡಾದರೆ ಕಮ್ಮಾರ. ಅವರಿಗೆ ಕೆಲಸಕ್ಕಿಷ್ಟು ಅಂತ ರೊಕ್ಕ ಕೊಡ್ತಿರಲಿಲ್ಲ, ಸುಗ್ಗಿಯಲ್ಲಿ ಕಣದಿಂದ ಕಾಳಿನ ರೂಪದಲ್ಲಿ ಆಯ ಕೊಡ್ತಿದ್ದರು. ಬಿತ್ತೋದು ತಡ ಆಗಿ ಬೆಳೆ ಕೆಟ್ಟರೆ ರಿಪೇರಿ ಮಾಡುವವನ ಪಾಲೂ ಕೆಡುತ್ತಿತ್ತು. ಹಾಗಾಗಿ ರೈತನ ಅವಸರ ಅವನ ಅವಸರವೂ ಆಗಿತ್ತು. ಆ ಪದ್ಧತಿಗೆ ಜಾತಿಯ ಕಟ್ಟು ಇತ್ತು. ಅಪ್ಪನ ಕೆಲಸವನ್ನೇ ಮಗ ಮಾಡಬೇಕಿತ್ತು, ಎಷ್ಟು ಕೊಡಬೇಕು ಅಂತ ಹೇಳುವವರು ಹೊಲ ಇದ್ದವರು. ಅದು ವಾಪಸ್ ಬರಲಿ ಅಂತ ನಾವು ಖಂಡಿತ ಹೇಳಲ್ಲ. ಆದರೆ ಅದರೊಳಗಿನ ಒಂದು ಮಾತನ್ನ ಉಳಿಸಿಕೊಳ್ಳಬಹುದು: ತಡ ಮಾಡಿದವನಿಗೂ ತಡದ ಬಿಸಿ ತಟ್ಟಬೇಕು.

ನಾವು ಕೇಳ್ತಿರೋದು ನಮ್ಮ ದೇಶದಲ್ಲಿ ಇಲ್ಲದ್ದೇನಲ್ಲ. ರೈಲು ಓಡಿಸುವವರಿಗೆ ರನ್ನಿಂಗ್ ರೂಂ ಇದೆ: ಹಾಸಿಗೆ, ಊಟ, ಸ್ನಾನ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ, ಕಾರ್ಮಿಕರು ರಾತ್ರಿ ತಂಗಬೇಕಾದ ಕಡೆ ಮಾಲೀಕರು ವಿಶ್ರಾಂತಿ ಕೊಠಡಿ ಕೊಡಬೇಕು ಅಂತ ಬರೆದಿತ್ತು. ಈಚೆಗೆ ತೈಲ ಕಂಪನಿಗಳು ಕೆಲವು ಪೆಟ್ರೋಲ್ ಬಂಕುಗಳಲ್ಲಿ ಲಾರಿ ಡ್ರೈವರುಗಳಿಗೆ 'ಅಪ್ನಾ ಘರ್' ಅಂತ ಮಾಡಿವೆ, ಅಲ್ಲಿ ಮಲಗೋಕೆ ಹಾಸಿಗೆ, ಅಡುಗೆ ಮಾಡಿಕೊಳ್ಳೋ ಜಾಗ, ಶೌಚಾಲಯ ಇರುತ್ತೆ. ಡೀಸೆಲ್ ಮಾರುವವರಿಗೆ ಆಗೋದಾದರೆ ಲಕ್ಷಗಟ್ಟಲೆ ಬೆಲೆಯ ಮಷಿನ್ ಮಾರುವವರಿಗೆ ಯಾಕಾಗಲ್ಲ?

ವಿರೋಧ ಏನು ಬರಬಹುದು ಅಂತಲೂ ಯೋಚಿಸಿದ್ವಿ. "ನಾವು ರಿಪೇರಿ ಮಾಡುವವರು, ಛತ್ರ ನಡೆಸುವವರಲ್ಲ" ಅನ್ನಬಹುದು. ಸರಿ, ಆದರೆ ಕಾರು ಸರ್ವಿಸ್ ಸೆಂಟರಿನಲ್ಲಿ ಎಸಿ ವೇಟಿಂಗ್ ಲಾಂಜು, ಕಾಫಿ ಮಷಿನ್ನು, ಟೀವಿ ಇರುತ್ತಲ್ಲ? ಎರಡು ತಾಸು ಕಾಯುವವರಿಗೆ ಸೋಫಾ ಇದೆ, ನಾಲ್ಕು ದಿನ ಕಾಯುವವರಿಗೆ ನಲ್ಲಿಯೂ ಇಲ್ಲ. "ರಾತ್ರಿ ಹೊರಗಿನವರನ್ನ ಬಿಟ್ಟರೆ ಕಳ್ಳತನ ಆಗುತ್ತೆ" ಅನ್ನಬಹುದು. ಜಾಬ್ ಕಾರ್ಡಿನಲ್ಲಿ ಹೆಸರು, ಫೋನ್ ನಂಬರ್ ಬರೆದುಕೊಂಡಿರ್ತಾರೆ, ಮಷಿನ್ನೇ ಅವರ ಕೈಯಲ್ಲಿರುತ್ತೆ. ಅದಕ್ಕಿಂತ ದೊಡ್ಡ ಜಾಮೀನು ಯಾವುದಿದೆ?

ಮೂರನೆಯ ಮಾತು ಗಟ್ಟಿಯಾದದ್ದು. ಇರೋಕೆ ಜಾಗ ಚೆನ್ನಾಗಿ ಕೊಟ್ಟರೆ ಕಂಪನಿಯವರು ಇನ್ನೂ ನಿಧಾನ ಆಗ್ತಾರೆ, "ಆರಾಮಾಗಿ ಇದ್ದೀರಲ್ಲ, ಇನ್ನೆರಡು ದಿನ ಇರಿ" ಅಂತಾರೆ. ಇದು ನಿಜ ಆಗಬಹುದು. ಅದಕ್ಕೇ ಜಾಗ ಒಂದನ್ನೇ ಕೇಳಿದರೆ ಸಾಲದು, ತಾರೀಖನ್ನೂ ಕೇಳಬೇಕು. ಯಾವ ಪಾರ್ಟ್, ಎಲ್ಲಿಂದ ಬರಬೇಕು, ಯಾವ ದಿನ ಕೈಗೆ ಸಿಗುತ್ತೆ ಅಂತ ಜಾಬ್ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದು ಸಹಿ ಮಾಡಿ ಕೊಡಬೇಕು, ಹೊರರಾಜ್ಯದವರಾದರೆ ಅವರ ಭಾಷೆಯಲ್ಲಿ. ಆ ದಿನ ದಾಟಿದರೆ ಉಳಿಯೋ ಖರ್ಚು, ಊಟದ ಖರ್ಚು ಕಂಪನಿಯದ್ದೇ. ಪಾರ್ಟ್ ಬೇಗ ತರಿಸಬೇಕು ಅನ್ನೋ ಅವಸರ ಆಗ ತಾನಾಗಿ ಬರುತ್ತೆ. ತಾರೀಖು ಗೊತ್ತಾದರೆ ಕುರ್ತಕೋಟಿಯಲ್ಲಿ ಕಾಯ್ತಿರೋ ರೈತನಿಗೂ ಉಪಯೋಗ. ಬೇರೆ ಮಷಿನ್ ಹುಡುಕಬೇಕಾ, ಆಳು ಹಚ್ಚಿ ಬಿಡಿಸಬೇಕಾ ಅಂತ ಅವನು ಇವತ್ತೇ ತೀರ್ಮಾನ ಮಾಡಬಹುದು. ಮಷಿನ್ ಎಲ್ಲಿ ನಿಂತಿದೆ, ಯಾವಾಗ ಬರುತ್ತೆ ಅಂತ ಈಗ ಅವನಿಗೆ ಹೇಳೋರೇ ಇಲ್ಲ.

ಜಾಗ ಅಂದರೂ ದೊಡ್ಡದೇನಲ್ಲ. ಒಂದು ತಗಡಿನ ಶೆಡ್ಡು, ನೆಲಕ್ಕೆ ಕಾಂಕ್ರೀಟು, ಎರಡು ಶೌಚಾಲಯ, ಒಂದು ಬಚ್ಚಲು, ಕುಡಿಯೋ ನೀರು, ಫ್ಯಾನು, ಚಾರ್ಜಿಂಗ್ ಪಾಯಿಂಟು, ಒಲೆ ಇಡೋಕೆ ಒಂದು ಕಟ್ಟೆ. ಹೆಸರಿನ ಸೀಸನ್ನಿನಲ್ಲಿ ಹಾರ್ವೆಸ್ಟರ್ ತಂಡ ಇರಲಿ, ಉಳಿದ ದಿನ ದೂರದಿಂದ ಟ್ರ್ಯಾಕ್ಟರ್ ತಂದವರು, ಲಾರಿ ಕ್ಲೀನರುಗಳು ಇರಲಿ.

ಈ ಮ್ಯಾಗಜಿನ್ ಓದುವವರಲ್ಲಿ ಮೆಕ್ಯಾನಿಕಲ್, ಸಿವಿಲ್, ಆಟೋಮೊಬೈಲ್ ಹುಡುಗ ಹುಡುಗಿಯರು ತುಂಬಾ ಜನ ಇದ್ದೀರಿ. ಮುಂದಿನ ವರ್ಷ ಇಂಟರ್ನ್‌ಶಿಪ್‌ಗೆ ಇಂಥ ಕಂಪನಿಗಳಿಗೇ ಹೋಗ್ತೀರಿ, ಎಷ್ಟೋ ಜನ ಅಲ್ಲೇ ಕೆಲಸಕ್ಕೂ ಸೇರ್ತೀರಿ. ವರ್ಕ್‌ಶಾಪ್ ಲೇಔಟ್ ನಿಮ್ಮ ಟೇಬಲ್ಲಿಗೆ ಬಂದಾಗ ಈ ಶೆಡ್ಡನ್ನ ಅದರಲ್ಲಿ ಬರೀರಿ. ಬಾಸ್ ಬೇಡ ಅಂದರೆ ಯಾಕೆ ಬೇಡ ಅಂತ ಕೇಳ್ರಿ. ಅಲ್ಲಿವರೆಗೆ ಒಂದು ಸಣ್ಣ ಕೆಲಸ. ಮುಂದಿನ ಹೆಸರಿನ ಸೀಸನ್ನಿನಲ್ಲಿ ನಿಮ್ಮೂರ ಹತ್ತಿರದ ಯಾರ್ಡಿಗೆ ಹೋಗಿ, ಎಷ್ಟು ಮಷಿನ್ ನಿಂತಿವೆ, ಎಷ್ಟು ದಿನದಿಂದ ನಿಂತಿವೆ, ಜೊತೆಗೆ ಬಂದವರು ಎಲ್ಲಿ ಮಲಗ್ತಿದ್ದಾರೆ ಅಂತ ಕೇಳಿ ಬರೆದುಕೊಂಡು ಬನ್ನಿ. ಹತ್ತು ಯಾರ್ಡಿನ ಲೆಕ್ಕ ಸಿಕ್ಕರೆ ಕ್ಲಬ್ಬಿನ ವತಿಯಿಂದ ಅದನ್ನ ಕೃಷಿ ಇಲಾಖೆಗೂ ಕಂಪನಿಗಳಿಗೂ ಕಳಿಸ್ತೀವಿ.